ಸಂತ ಪ್ಯಾಟ್ರಿಕನ ಹಬ್ಬವೂ ದೂರದೇಶದ ವಾರ್ತೆಯೂ



ಕನ್ನಡದ ದತ್ತಿ ಉಪನ್ಯಾಸಕ್ಕೆ ಐರ್ಲೆಂಡಿನ ಸಂತನೊಬ್ಬನ ಹಬ್ಬವನ್ನು ವಿಷಯವಾಗಿ ಆರಿಸಿಕೊಂಡುದೇಕೆಂಬುದನ್ನು ಮೊದಲಿಗೇ ನಿವೇದಿಸುವುದು ನನ್ನ ಕರ್ತವ್ಯ. ಯುಗಾದಿಯನ್ನೂ ಗಣೇಶನ ಹಬ್ಬವನ್ನೂ ರಾಜ್ಯೋತ್ಸವವನ್ನೂ ಬಾಡಿಗೆಯ ಸಭಾಂಗಣಗಳಲ್ಲಿ ಭಕ್ತಿಯಿಂದ ಆಚರಿಸುತ್ತ, ಅದೇ ಕಾಲದಲ್ಲಿ ತಾಯ್ನಾಡಿನ ಸುದ್ದಿಯನ್ನು ಹಗಲಿರುಳೂ ಕಾತರದಿಂದ ಕೇಳುತ್ತಿರುವ ಜನ ನಾವು. ನಮಗಿಂತ ಒಂದೂವರೆ ಶತಮಾನದಷ್ಟು ಹಿಂದೆ ಇದೇ ನ್ಯೂಜಿಲೆಂಡಿನ ನೆಲದಲ್ಲಿ, ಬಹುಮಟ್ಟಿಗೆ ಇದೇ ಮನಃಸ್ಥಿತಿಯಲ್ಲಿ ಬಾಳಿದ ಜನಾಂಗವೊಂದು ತನ್ನ ಹಬ್ಬದ ದಿವಸದಲ್ಲಿ ತಾಯ್ನಾಡಿನ ವಾರ್ತೆಯನ್ನು ಹೇಗೆ ಬರಮಾಡಿಕೊಂಡಿತು, ಅದಕ್ಕಾಗಿ ಏನನ್ನು ಅನುಭವಿಸಿತು, ಈ ನಾಡು ಅದರ ಮಾತನ್ನು ಎಷ್ಟರಮಟ್ಟಿಗೆ ತಾಳಿಕೊಂಡಿತು ಎಂಬ ವಿಚಾರವು ನಮಗೆ ಪರಕೀಯವಾದುದೆಂದು ನಾನು ಎಣಿಸಲಾರೆ. ಹಬ್ಬದ ವೇದಿಕೆಯ ಮೇಲೆ ನಿಂತು ವಲಸಿಗನು ತನ್ನ ದೇಶದ ದುಃಖವನ್ನು ಗಟ್ಟಿಯಾಗಿ ಹೇಳಿದಾಗ, ಆ ಮಾತು ತನಗೆ ಅಪ್ರಿಯವಾದರೂ ಅವನ ಬಾಯಿ ಮುಚ್ಚಿಸದ ನಾಡು ಅವನನ್ನು ನಿಜವಾದ ಪೌರನನ್ನಾಗಿ ಪಡೆಯುತ್ತದೆಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಆಧಾರವಾದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಸಂತನ ವಿಷಯವಾಗಿ ನಾಲ್ಕು ಮಾತು. ಅನಂತರ 1868ರಲ್ಲಿ ಪಶ್ಚಿಮ ತೀರದ ಹೋಕಿಟಿಕಾದಲ್ಲಿ ನಡೆದ ಒಂದು ಮೆರವಣಿಗೆ. ಆಮೇಲೆ ಇದೇ ಆಕ್ಲೆಂಡಿನ ಪುರಭವನದಲ್ಲಿ 1922ರಲ್ಲಿ ನಡೆದ ಒಂದು ಭಾಷಣ ಮತ್ತು ಅದರಿಂದ ಹುಟ್ಟಿದ ರಾಜದ್ರೋಹದ ಮೊಕದ್ದಮೆ. ಕೊನೆಗೆ ನಮ್ಮ ಕಾಲ. ಇವುಗಳಲ್ಲಿ ಮೂರನೆಯದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಂತ ಪ್ಯಾಟ್ರಿಕನು ಐರ್ಲೆಂಡಿನ ರಕ್ಷಕ ಸಂತನೆಂದು ಲೋಕಪ್ರಸಿದ್ಧನಾದರೂ ಹುಟ್ಟಿನಿಂದ ಐರಿಷನಲ್ಲ. ಕ್ರಿಸ್ತಶಕ ಐದನೆಯ ಶತಮಾನದವನಾದ ಅವನು ರೋಮನ್ನರ ಆಳ್ವಿಕೆಯನ್ನು ಕಂಡಿದ್ದ ಬ್ರಿಟನ್ನಿನಲ್ಲಿ ಹುಟ್ಟಿ, ಹದಿನಾರರ ಪ್ರಾಯದಲ್ಲಿ ಐರಿಷ್ ದಾಳಿಕಾರರ ಕೈಗೆ ಸಿಕ್ಕಿ, ಕಡಲಾಚೆಗೆ ಒಯ್ಯಲ್ಪಟ್ಟು, ಆರು ವರ್ಷಗಳ ಕಾಲ ದಾಸನಾಗಿ ಮಂದೆಗಳನ್ನು ಕಾಯ್ದು, ತಪ್ಪಿಸಿಕೊಂಡು ಹೋಗಿ, ಮತ್ತೆ ತಾನಾಗಿಯೇ ಅದೇ ಜನರ ನಡುವೆ ಧರ್ಮಬೋಧಕನಾಗಿ ಹಿಂದಿರುಗಿದವನು. ಪರದೇಶದಲ್ಲಿ ಅನ್ಯಭಾಷೆಯವರ ನಡುವೆ ಬಾಳಿ, ಆ ಪರದೇಶವನ್ನೇ ತನ್ನದನ್ನಾಗಿ ಮಾಡಿಕೊಂಡ ಇವನು ವಲಸೆಹೋದ ಜನಾಂಗವೊಂದರ ಆರಾಧ್ಯನಾದುದು ಯುಕ್ತವೇ ಆಗಿದೆ. ಅವನು ದೇಹವಿಟ್ಟ ದಿನವೆಂದು ಸಂಪ್ರದಾಯವು ಹೇಳುವ ಮಾರ್ಚ್ 17ನೆಯ ತಾರೀಕೇ ಅವನ ಹಬ್ಬ. ಡಬ್ಲಿನ್ನಿಗಿಂತ ಹದಿಮೂರು ಗಂಟೆ ಮೊದಲು ಆ ದಿನವು ನ್ಯೂಜಿಲೆಂಡಿನಲ್ಲಿ ಉದಯಿಸುತ್ತದೆ. ಅಲ್ಲಿ ಅದು ವಸಂತದ ಹೊಸ್ತಿಲು, ಇಲ್ಲಿ ಶರತ್ಕಾಲದ ಆರಂಭ.

ಸಂತನ ಲೇಖನಿಯಿಂದಲೇ ಬಂದುವೆಂದು ವಿದ್ವಾಂಸರು ಒಪ್ಪಿರುವ ಬರೆಹಗಳು ಎರಡೇ. ಒಂದು ಅವನ ಆತ್ಮನಿವೇದನೆ. ಇನ್ನೊಂದು ಕೊರೋಟಿಕಸ್ ಎಂಬ ದಳಪತಿಯ ಸೈನಿಕರಿಗೆ ಬರೆದ ಪತ್ರ. ಆಗತಾನೆ ದೀಕ್ಷಾಸ್ನಾನವನ್ನು ಪಡೆದ ಜನರ ಮೇಲೆ ಆ ಸೈನಿಕರು ಬಿದ್ದು, ಕೆಲವರನ್ನು ಕೊಂದು, ಉಳಿದವರನ್ನು ದಾಸರಾಗಿ ಮಾರಲು ಹಿಡಿದೊಯ್ದ ಸುದ್ದಿ ತಲಪಿದಾಗ ಪ್ಯಾಟ್ರಿಕನು ಮೌನವಾಗಿ ಪ್ರಾರ್ಥನೆ ಮಾಡಿ ಸುಮ್ಮನಾಗಲಿಲ್ಲ. ಸೆರೆಯವರನ್ನು ಬಿಡಬೇಕೆಂದು ಒತ್ತಾಯಿಸಿ, ಕೊಲೆಗಾರರನ್ನು ಧರ್ಮಬಾಹಿರರೆಂದು ಸಾರಿ, ಆ ಸಾರಿಕೆಯನ್ನು ಎಲ್ಲರ ಮುಂದೆ ಓದಬೇಕೆಂದು ವಿಧಿಸಿದನು. ಹಬ್ಬದ ದಿನ ಲೋಕವಾರ್ತೆಯ ಪ್ರಸ್ತಾಪವು ಸಲ್ಲದೆಂದೂ, ಅದು ಪುಣ್ಯದಿವಸಕ್ಕೆ ಅಂಟುವ ಮೈಲಿಗೆಯೆಂದೂ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದರೆ ಯಾರ ಹೆಸರಿನಲ್ಲಿ ಈ ಹಬ್ಬ ನಡೆಯುತ್ತದೆಯೋ ಆತನ ಎರಡೇ ಬರೆಹಗಳಲ್ಲಿ ಒಂದು ತನ್ನ ಕಾಲದ ಘೋರವಾರ್ತೆಗೆ ಕೊಟ್ಟ ಉತ್ತರವಾಗಿದೆ.

ಇನ್ನು ಈ ನಾಡಿನ ಕಡೆಗೆ ತಿರುಗೋಣ. ನ್ಯೂಜಿಲೆಂಡಿನ ಆಧುನಿಕ ಚರಿತ್ರೆಯಲ್ಲಿ ಐರಿಷರ ಪಾತ್ರವು ಮೊದಲ ದಿನದಿಂದಲೇ ಕಾಣುತ್ತದೆ. 1840ರ ಫೆಬ್ರವರಿ 6ರಂದು ವೈಟಾಂಗಿಯ ಒಪ್ಪಂದಕ್ಕೆ ರಾಣಿಯ ಪರವಾಗಿ ಸಹಿ ಹಾಕಿದ ವಿಲಿಯಂ ಹಾಬ್ಸನ್ ಐರ್ಲೆಂಡಿನ ವಾಟರ್‌ಫರ್ಡ್ ಊರಿನವರು. ಅದೇ ವರ್ಷದ ರಾಜಶಾಸನವು ಇಲ್ಲಿಯ ಮೂರು ದ್ವೀಪಗಳಿಗೆ ನ್ಯೂ ಅಲ್ಸ್ಟರ್, ನ್ಯೂ ಮನ್ಸ್ಟರ್, ನ್ಯೂ ಲೆನ್ಸ್ಟರ್ ಎಂದು ಐರ್ಲೆಂಡಿನ ಪ್ರಾಂತಗಳ ಹೆಸರುಗಳನ್ನೇ ಇಟ್ಟಿತು. ಆ ಹೆಸರುಗಳು ಉಳಿಯಲಿಲ್ಲ, ಜನರು ಉಳಿದರು. 1864ರಿಂದಾಚೆಗೆ ದಕ್ಷಿಣ ದ್ವೀಪದ ಪಶ್ಚಿಮ ತೀರದಲ್ಲಿ ಚಿನ್ನ ದೊರೆಯಿತೆಂಬ ಸುದ್ದಿ ಹಬ್ಬಿದಾಗ, ವಿಕ್ಟೋರಿಯಾದ ಗಣಿಗಳಿಂದ ಸಹಸ್ರಾರು ಐರಿಷ್ ಯುವಕರು ಟಾಸ್ಮನ್ ಸಮುದ್ರವನ್ನು ದಾಟಿ ಬಂದರು. ಕಾಡು, ಮಳೆ, ಕೆಸರುಗಳ ನಡುವೆ ಹೋಕಿಟಿಕಾ ಎಂಬ ಊರು ಒಂದೆರಡು ವರ್ಷಗಳಲ್ಲಿ ಎದ್ದು ನಿಂತಿತು. ಹೀಗೆ ಬಂದವರೆಲ್ಲರೂ 1845ರಿಂದ ಮುಂದಣ ಮಹಾಕ್ಷಾಮದ ನೆನಪನ್ನು ಎದೆಯಲ್ಲಿ ಹೊತ್ತವರು ಅಥವಾ ಅದನ್ನು ಹೊತ್ತವರ ಮಕ್ಕಳು.

1867ರ ನವೆಂಬರ್ 23ರಂದು ಇಂಗ್ಲೆಂಡಿನ ಸಾಲ್ಫರ್ಡ್ ಸೆರೆಮನೆಯ ಮುಂದೆ ಅಲೆನ್, ಲಾರ್ಕಿನ್, ಓಬ್ರಿಯನ್ ಎಂಬ ಮೂವರು ಐರಿಷರನ್ನು ಗಲ್ಲಿಗೇರಿಸಿದರು. ತಮ್ಮ ನಾಯಕರನ್ನು ಪೊಲೀಸರ ಗಾಡಿಯಿಂದ ಬಿಡಿಸುವ ಯತ್ನದಲ್ಲಿ ಪೊಲೀಸನೊಬ್ಬನು ಸತ್ತನೆಂಬುದು ಅವರ ಮೇಲಿನ ಆರೋಪ. ಆಗ ನ್ಯೂಜಿಲೆಂಡಿಗೆ ಕಡಲತಂತಿ ಇರಲಿಲ್ಲ. ಅದು ನೆಲ್ಸನ್ನಿನ ಬಳಿಯ ವಾಕಾಪುಅಕಾಕ್ಕೆ ಬಂದು ಸೇರಿದ್ದು 1876ರಲ್ಲಿ. ಸಾಲ್ಫರ್ಡಿನ ವಾರ್ತೆಯು ಹಡಗಿನ ಮೂಲಕ ಬಂದು, ಪತ್ರಿಕೆಗಳಲ್ಲಿ ಅಚ್ಚಾಗಿ, ಗಣಿಗಳ ಡೇರೆಗಳಲ್ಲಿ ಓದಲ್ಪಟ್ಟು, ದುಃಖವಾಗಿ ಮಾಗಿ, 1868ರ ಮಾರ್ಚ್ 8ರಂದು, ಎಂದರೆ ಸಂತನ ಹಬ್ಬಕ್ಕೆ ಒಂಬತ್ತು ದಿನ ಮುಂಚೆ, ಹೋಕಿಟಿಕಾದ ಬೀದಿಯಲ್ಲಿ ಒಂದು ಶವಯಾತ್ರೆಯ ರೂಪವನ್ನು ತಾಳಿತು. ಶವವಿಲ್ಲದ ಶವಯಾತ್ರೆ ಅದು. ಫಾದರ್ ಲಾರ್ಕಿನ್ ಎಂಬ ಪಾದ್ರಿಗಳು ಮುಂದಾಳಾಗಿ, ನೂರಾರು ಜನ ಹಿಂದೆ ನಡೆದು, ಊರ ಸ್ಮಶಾನದಲ್ಲಿ ಆ ಮೂವರ ನೆನಪಿಗಾಗಿ ಶಿಲುಬೆಯೊಂದನ್ನು ನೆಟ್ಟು ಮರಳಿದರು. ‘ನ್ಯೂಜಿಲೆಂಡ್ ಸೆಲ್ಟ್’ ಎಂಬ ಪತ್ರಿಕೆಯ ಸಂಪಾದಕ ಜಾನ್ ಮ್ಯಾನಿಂಗ್ ಅದನ್ನು ಸಮರ್ಥಿಸಿ ಬರೆದರು.

ಅದು ಅಷ್ಟಕ್ಕೇ ಮುಗಿದುಹೋಗಬಹುದಾಗಿತ್ತು. ಆದರೆ ನಾಲ್ಕೇ ದಿನಗಳ ಮೇಲೆ, ಮಾರ್ಚ್ 12ರಂದು, ಸಿಡ್ನಿಯ ಕ್ಲೋಂಟಾರ್ಫ್ ಎಂಬಲ್ಲಿ ವಿಕ್ಟೋರಿಯಾ ರಾಣಿಯ ಮಗನಾದ ಎಡಿನ್‌ಬರೋದ ಡ್ಯೂಕನ ಮೇಲೆ ಓಫ಼ಾರೆಲ್ ಎಂಬ ಐರಿಷನೊಬ್ಬನು ಗುಂಡು ಹಾರಿಸಿದನು. ಡ್ಯೂಕನು ಬದುಕಿಕೊಂಡನು; ಸುದ್ದಿ ಮಾತ್ರ ಟಾಸ್ಮನ್ ಸಮುದ್ರವನ್ನು ದಾಟಿ ಬಂದು ಇಲ್ಲಿ ಭೀತಿಯಾಗಿ ಪರಿಣಮಿಸಿತು. ಹೋಕಿಟಿಕಾದಲ್ಲಿ ಊರವರನ್ನು ವಿಶೇಷ ಪೊಲೀಸರಾಗಿ ನೇಮಿಸಿದರು; ಅಲ್ಲಿಯವರೆಗೂ ಯಾರ ಗಮನಕ್ಕೂ ಅಪರಾಧವಾಗಿ ಕಾಣದಿದ್ದ ಶವಯಾತ್ರೆ ಈಗ ರಾಜದ್ರೋಹವಾಗಿ ಕಂಡಿತು; ಮಾರ್ಚ್ ತಿಂಗಳ ಕೊನೆಯಲ್ಲಿ ಲಾರ್ಕಿನ್ ಮತ್ತು ಮ್ಯಾನಿಂಗ್ ಇಬ್ಬರೂ ಬಂಧಿತರಾದರು. ಏಪ್ರಿಲ್ 3ರಂದು ವೆಸ್ಟ್‌ಪೋರ್ಟಿನ ಸಮೀಪದ ಆಡಿಸನ್ಸ್ ಫ್ಲ್ಯಾಟ್ ಎಂಬ ಗಣಿಯೂರಿನಲ್ಲಿ, ಡ್ಯೂಕನು ಉಳಿದುದಕ್ಕಾಗಿ ಸಂತೋಷಪಡುತ್ತ ಹೊರಟ ರಾಜಭಕ್ತರಿಗೂ ಐರಿಷ್ ಗಣಿಗಾರರಿಗೂ ಹೊಡೆದಾಟವಾಯಿತು. ಅದು ದೊಡ್ಡ ದಂಗೆಯಾಗದೆ ಉಳಿದುದು ಕಿನ್ನರ್ಸ್ಲಿ ಎಂಬ ಕಮಿಷನರರು ಜನರ ನಡುವೆ ಹೋಗಿ, ಇಬ್ಬಣದವರೊಡನೆಯೂ ಮಾತನಾಡಿ ಸಮಾಧಾನಪಡಿಸಿದುದರಿಂದ. ಆ ಅಧಿಕಾರಿಯ ಹೆಸರು ಈ ನಾಡಿನ ಶಾಲಾಪುಸ್ತಕಗಳಲ್ಲಿ ಇನ್ನಷ್ಟು ಎದ್ದುಕಾಣಬೇಕೆಂದು ನನಗೆ ತೋರುತ್ತದೆ. ಮೇ ತಿಂಗಳಲ್ಲಿ ವಿಚಾರಣೆಯಾಗಿ ಪಾದ್ರಿಗೂ ಸಂಪಾದಕರಿಗೂ ಒಂದು ತಿಂಗಳ ಸೆರೆವಾಸವಾಯಿತು.

ಈ ಪ್ರಸಂಗವನ್ನು ಓದುವ ಭಾರತೀಯನಿಗೆ 1897ರ ಪುಣೆಯ ನೆನಪು ಬಾರದೆ ಇರದು. ಆ ವರ್ಷದ ಜೂನ್ ತಿಂಗಳಲ್ಲಿ ಶಿವಾಜಿ ಉತ್ಸವದ ಭಾಷಣಗಳನ್ನು ಲೋಕಮಾನ್ಯ ತಿಲಕರ ‘ಕೇಸರಿ’ ಪ್ರಕಟಿಸಿತು. ಕೆಲವೇ ದಿನಗಳ ಮೇಲೆ, 22ರ ರಾತ್ರಿ, ಪ್ಲೇಗಿನ ಅಧಿಕಾರಿಯಾಗಿದ್ದ ರ‍್ಯಾಂಡನ ಮೇಲೆ ಗುಂಡು ಹಾರಿತು. ಆ ಗುಂಡಿನ ಬೆಳಕಿನಲ್ಲಿ ಹಿಂದಿನ ವಾರದ ಹಬ್ಬದ ಮಾತುಗಳು ರಾಜದ್ರೋಹವಾಗಿ ಕಂಡುವು. ಎಲ್ಲಿಯೋ ಒಬ್ಬನು ಗುಂಡು ಹಾರಿಸಿದಾಗ, ಅದಕ್ಕೂ ಮೊದಲೇ ಬೇರೆಲ್ಲಿಯೋ ಹಬ್ಬದ ಸಭೆಯಲ್ಲಿ ಆಡಿದ ಮಾತಿಗೆ ಹೊಸ ಅರ್ಥವನ್ನು ಹಚ್ಚುವುದು ಭೀತವಾದ ಸರಕಾರಗಳ ಸ್ವಭಾವ. ಬೊಂಬಾಯಿಯ ವಿಚಾರಣೆಯಲ್ಲಿ ಒಂಬತ್ತು ಮಂದಿ ಜ್ಯೂರಿಗಳು ಕುಳಿತರು: ಆರು ಮಂದಿ ಯೂರೋಪಿಯನ್ನರು, ಮೂವರು ಭಾರತೀಯರು. ಆರು ಮತ ‘ಅಪರಾಧಿ’ ಎಂದೂ ಮೂರು ಮತ ‘ಅಲ್ಲ’ ಎಂದೂ ಬಿದ್ದವು; ತಿಲಕರಿಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಈ ಆರು ಮತ್ತು ಮೂರರ ಲೆಕ್ಕವನ್ನು ದಯಮಾಡಿ ನೆನಪಿನಲ್ಲಿಡಿ. ಇದರ ಪ್ರಯೋಜನ ಮುಂದೆ ಬರುತ್ತದೆ.

ಹೀಗೆ ನಾನು ಮೂರನೆಯ ಭಾಗಕ್ಕೆ, ಈ ಉಪನ್ಯಾಸದ ಹೃದಯಭಾಗಕ್ಕೆ ಬಂದಿದ್ದೇನೆ.

ಹೋಕಿಟಿಕಾದ ಆ ದಿನಗಳು ಕಳೆದ ಮೇಲೆ ಐರಿಷರು ಈ ನಾಡಿನಲ್ಲಿ ಶಾಲೆಗಳನ್ನು ಕಟ್ಟಿದರು, ಮಠಗಳನ್ನು ಕಟ್ಟಿದರು. 1873ರಲ್ಲಿ ಡನೀಡನ್ನಿನ ಬಿಷಪ್ ಪ್ಯಾಟ್ರಿಕ್ ಮೊರಾನರು ‘ನ್ಯೂಜಿಲೆಂಡ್ ಟ್ಯಾಬ್ಲೆಟ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಒಂದು ಶತಮಾನಕ್ಕೂ ಮಿಗಿಲಾಗಿ ನಡೆದ ಆ ಪತ್ರಿಕೆ ಐರ್ಲೆಂಡಿನ ಸುದ್ದಿಯನ್ನು ಮನೆಮನೆಗೂ ಮುಟ್ಟಿಸಿತು. ಐರ್ಲೆಂಡಿನಿಂದ ರೆಡ್ಮಂಡ್ ಸಹೋದರರು 1883ರಲ್ಲಿಯೂ ಜಾನ್ ಡಿಲ್ಲನ್ ಮೊದಲಾದವರು 1889ರಲ್ಲಿಯೂ ಬಂದು, ಸ್ವರಾಜ್ಯದ ಹೋರಾಟಕ್ಕಾಗಿ ಹಣ ಬೇಡಿದಾಗ ಜನರು ಕೈಯೆತ್ತಿ ಕೊಟ್ಟರು. ಹಬ್ಬದ ದಿನ ಮಧ್ಯಾಹ್ನ ಶಾಲಾಮಕ್ಕಳ ಆಟೋಟಗಳು, ರಾತ್ರಿ ಸಂಗೀತಸಭೆ, ಅದರ ನಡುವೆ ಬಿಷಪ್ಪರದೋ ಅತಿಥಿಯದೋ ಭಾಷಣ: ಇದು ಕಾರ್ಯಕ್ರಮ. ಆ ಭಾಷಣವೇ ವರ್ಷಕ್ಕೊಮ್ಮೆ ತಾಯ್ನಾಡಿನ ವೃತ್ತಾಂತವು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಲ್ಪಡುವ ಗಳಿಗೆ.

1916ರ ಏಪ್ರಿಲ್ 24ರ ಸೋಮವಾರ ಡಬ್ಲಿನ್ನಿನಲ್ಲಿ ಬಂಡಾಯವೆದ್ದಿತು. ಶನಿವಾರ 29ರಂದು ಬಂಡಾಯಗಾರರು ಶರಣಾದರು. ನಮಗೆ ವಿಸ್ಮಯವನ್ನುಂಟುಮಾಡುವ ಸಂಗತಿಯೆಂದರೆ, ಇದೇ ವಾರದಲ್ಲಿ, ಏಪ್ರಿಲ್ 28ರಂದು, ನಮ್ಮ ಬೆಳಗಾವಿಯಲ್ಲಿ ತಿಲಕರು ತಮ್ಮ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಆ ಹೆಸರೇ ಐರ್ಲೆಂಡಿನಿಂದ ಬಂದುದು. ಡಬ್ಲಿನ್ನಿನಲ್ಲಿ ಗುಂಡಿನ ಸದ್ದು ಅಡಗುವ ಮುನ್ನವೇ ಕನ್ನಡನಾಡಿನ ಒಂದು ಊರಿನಲ್ಲಿ ಐರಿಷ್ ಹೆಸರನ್ನು ಹೊತ್ತ ಸ್ವರಾಜ್ಯಸಂಸ್ಥೆ ಕಣ್ದೆರೆಯಿತು. ಈ ನಾಡಿಗೆ ಬಂದರೆ, ರಜೆಯಲ್ಲಿ ಡಬ್ಲಿನ್ನಿಗೆ ಹೋಗಿದ್ದ ಕೆಲವು ನ್ಯೂಜಿಲೆಂಡ್ ಸೈನಿಕರು ಟ್ರಿನಿಟಿ ಕಾಲೇಜಿನ ರಕ್ಷಣೆಗೆ ಬಂದೂಕು ಹಿಡಿದು ನಿಂತರು. ಮಹಾಯುದ್ಧಕ್ಕೆ ಮಕ್ಕಳನ್ನು ಕಳುಹಿಸಿದ್ದ ಇಲ್ಲಿಯ ಐರಿಷರಲ್ಲಿ ಹೆಚ್ಚಿನವರು ಬಂಡಾಯವನ್ನು ಮೊದಲು ಖಂಡಿಸಿದರು. ಆದರೆ ಮೇ 3ರಿಂದ 12ರವರೆಗೆ ಒಬ್ಬೊಬ್ಬರಾಗಿ ನಾಯಕರನ್ನು ಗುಂಡಿಟ್ಟು ಕೊಂದ ವಾರ್ತೆಯನ್ನು ತಂತಿಯು ದಿನದಿನವೂ ತಂದಿತು. ಮೂರು ತಿಂಗಳು ತಡೆದು ಒಮ್ಮೆಗೇ ಬರುವ ದುಃಖ ಒಂದು ಬಗೆ. ಪ್ರತಿ ಪ್ರಾತಃಕಾಲವೂ ಒಂದೊಂದು ಹೆಸರಾಗಿ ಬರುವ ದುಃಖ ಮತ್ತೊಂದು ಬಗೆ. ಎರಡನೆಯದು ಮನಸ್ಸುಗಳನ್ನು ತಿರುಗಿಸಿತು. ಡನೀಡನ್ನಿನಲ್ಲಿ ‘ಗ್ರೀನ್ ರೇ’ ಎಂಬ ಗಣರಾಜ್ಯವಾದಿ ಪತ್ರಿಕೆ ಹೊರಟು, 1918ರಲ್ಲಿ ಸರಕಾರದಿಂದ ಮುಚ್ಚಿಸಲ್ಪಟ್ಟಿತು; ಅದನ್ನು ನಡೆಸುತ್ತಿದ್ದವರು ಸೆರೆಗೆ ಹೋದರು. ಎದುರುಬದಿಯಲ್ಲಿ 1917ರಲ್ಲಿ ಹೋವರ್ಡ್ ಎಲಿಯಟ್ ಎಂಬ ಧರ್ಮೋಪದೇಶಕರು ಪ್ರಾಟೆಸ್ಟೆಂಟರ ರಾಜಕೀಯ ಸಂಘವೊಂದನ್ನು ಹುಟ್ಟುಹಾಕಿ, ಕ್ಯಾಥೊಲಿಕರ ವಿಷಯದಲ್ಲಿ ಸಂದೇಹದ ವಿಷವನ್ನು ನಾಡಿನಾದ್ಯಂತ ಬಿತ್ತಿದರು. ಪ್ರಧಾನಮಂತ್ರಿಯಾಗಿದ್ದ ವಿಲಿಯಂ ಮ್ಯಾಸೀ ಅವರೂ ಐರ್ಲೆಂಡಿನಲ್ಲಿಯೇ ಹುಟ್ಟಿದವರು. ಆದರೆ ಉತ್ತರದ ಲಿಮವಾಡಿಯ ಪ್ರಾಟೆಸ್ಟೆಂಟರು.

1921ರ ಡಿಸೆಂಬರ್ 6ರಂದು ಆಂಗ್ಲೋ-ಐರಿಷ್ ಒಪ್ಪಂದಕ್ಕೆ ಸಹಿಯಾಗಿ, 1922ರ ಜನವರಿ 7ರಂದು ಡಬ್ಲಿನ್ನಿನ ಸಭೆಯು 64ಕ್ಕೆ 57 ಮತಗಳ ಅಲ್ಪಾಂತರದಿಂದ ಅದನ್ನು ಅಂಗೀಕರಿಸಿತು. ಆ ವರ್ಷದ ಸಂತ ಪ್ಯಾಟ್ರಿಕನ ಹಬ್ಬದ ರಾತ್ರಿ ಆಕ್ಲೆಂಡಿನ ಪುರಭವನ ಕಿಕ್ಕಿರಿದಿತ್ತು. ಭಾಷಣಕಾರರು ಜೇಮ್ಸ್ ಲಿಸ್ಟನ್. ಆಕ್ಲೆಂಡಿನ ಸಹಾಯಕ ಬಿಷಪ್ಪರು. 1881ರಲ್ಲಿ ಡನೀಡನ್ನಿನಲ್ಲಿ ಐರಿಷ್ ತಂದೆತಾಯಿಗಳಿಗೆ ಹುಟ್ಟಿದವರು. ಅವರು ಬಂಡುಕೋರರಲ್ಲ, ಗದ್ದಲದ ಸ್ವಭಾವದವರೂ ಅಲ್ಲ. ಆದರೆ ಆ ರಾತ್ರಿ ಅವರು ತಮ್ಮ ಹಿರಿಯರು ನೆಲವನ್ನು ಬಿಟ್ಟು ಬರಬೇಕಾದ ಕಾರಣವನ್ನು ಹೇಳಿದರು. ಐರ್ಲೆಂಡಿಗೆ ದೊರೆತಿರುವುದು ಸ್ವಾತಂತ್ರ್ಯದ ಮೊದಲ ಕಂತೆಂದೂ ಉಳಿದುದನ್ನೂ ಆ ಜನ ಪಡೆದೇ ತೀರುವರೆಂದೂ ಹೇಳಿದರು. 1916ರಲ್ಲಿ ಮಡಿದವರನ್ನು ಗೌರವದಿಂದ ಸ್ಮರಿಸಿದರು. ವಿದೇಶೀ ಸೈನ್ಯವು ಮಾಡಿದ ಹತ್ಯೆಗಳ ಮಾತನ್ನೂ ಆಡಿದರು. ‘ನ್ಯೂಜಿಲೆಂಡ್ ಹೆರಲ್ಡ್’ ಅದರ ಸಂಗ್ರಹವನ್ನು ಅಚ್ಚು ಹಾಕಿತು. ಪುರಭವನದೊಳಗೆ ಐರಿಷರ ಮನೆಮಾತಾಗಿದ್ದ ಭಾಷಣವು ಬೆಳಗಿನ ಪತ್ರಿಕೆಯಲ್ಲಿ, ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳ ಮೇಜಿನ ಮೇಲೆ, ಬೇರೆ ಮಾತೇ ಆಗಿ ಕೇಳಿಸಿತು. ನಗರಾಧ್ಯಕ್ಷ ಜೇಮ್ಸ್ ಗನ್ಸನ್ ಬಹಿರಂಗವಾಗಿ ಖಂಡಿಸಿದರು. ರಾಜಭಕ್ತ ಸಂಘಗಳು ಕ್ರಮಕ್ಕಾಗಿ ಒತ್ತಾಯಿಸಿದುವು. ಸರಕಾರ ಬಿಷಪ್ಪರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿತು.

ಇಲ್ಲಿ ಒಂದು ಕ್ಷಣ ನಿಂತು, ಆ ಕೋಪವನ್ನು ನ್ಯಾಯವಾಗಿ ತೂಗಬೇಕು. ಮಗನನ್ನು ಗಲಿಪೊಲಿಯಲ್ಲಿಯೋ ಸೊಮ್ಮಿನಲ್ಲಿಯೋ ಕಳೆದುಕೊಂಡ ತಾಯಿಗೆ ಅದೇ ಸೈನ್ಯದ ಸಮವಸ್ತ್ರಕ್ಕೆ ಹತ್ಯೆಯ ಕಳಂಕವನ್ನು ಹಚ್ಚುವ ಮಾತು ಸಹ್ಯವಾಗದಿದ್ದರೆ ಅವಳನ್ನು ಮತಾಂಧಳೆಂದು ತಳ್ಳಿಬಿಡುವುದು ಕ್ರೌರ್ಯವಾದೀತು. ಲಿಸ್ಟನ್ನರ ಕೇಳುಗರಲ್ಲಿಯೂ ಅಂಥ ತಾಯಂದಿರು ಇದ್ದರೆಂಬುದು, ಐರಿಷ್ ಮನೆಗಳ ಮಕ್ಕಳೂ ಆ ಯುದ್ಧದಲ್ಲಿ ಮಡಿದಿದ್ದರೆಂಬುದು, ಸತ್ಯದ ಇನ್ನೊಂದು ಮುಖ. ಎರಡು ಶೋಕಗಳು ಒಂದೇ ಊರಿನಲ್ಲಿ ಎದುರೆದುರಾಗಿ ನಿಂತಿದ್ದುವು. ಅವುಗಳಲ್ಲಿ ಒಂದನ್ನು ಅಪರಾಧವೆಂದು ಸಾರುವಂತೆ ನ್ಯಾಯಾಲಯವನ್ನು ಕೇಳಿಕೊಳ್ಳಲಾಗಿತ್ತು.

1922ರ ಮೇ ತಿಂಗಳ ನಡುವೆ ಆಕ್ಲೆಂಡಿನ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರಿಂಜರರ ಮುಂದೆ ವಿಚಾರಣೆ ನಡೆಯಿತು. ಬಿಷಪ್ಪರ ಪರವಾಗಿ ವಾದಿಸಿದವರು ಪಿ. ಜೆ. ಓರೀಗನ್, ಪಶ್ಚಿಮ ತೀರದ ಚಿನ್ನದ ಸೀಮೆಯಲ್ಲಿಯೇ ಬೆಳೆದು, ಅಲ್ಲಿಂದಲೇ ಶಾಸನಸಭೆಗೆ ಆರಿಸಿಬಂದಿದ್ದವರು. ಜ್ಯೂರಿಯ ಪೀಠದಲ್ಲಿ ಕುಳಿತವರೆಲ್ಲರೂ ಪ್ರಾಟೆಸ್ಟೆಂಟರು. ತಿಲಕರ ವಿಚಾರಣೆಯಲ್ಲಿ ಆರು ಮತ್ತು ಮೂರಾಗಿ ವರ್ಣಾನುಸಾರವಾಗಿ ಒಡೆದ ಮತಗಳನ್ನು ನೆನಪಿಟ್ಟುಕೊಂಡವರಿಗೆ ಇಲ್ಲಿಯ ತೀರ್ಪು ಏನಾದೀತೆಂಬ ಊಹೆ ಸುಲಭವಾಗಿ ಮೂಡುತ್ತದೆ. ಆ ಊಹೆ ಸುಳ್ಳಾಯಿತು. ಅನ್ಯಮತದ ಆ ಹನ್ನೆರಡು ಮಂದಿ ಬಿಷಪ್ಪರು ನಿರಪರಾಧಿಯೆಂದು ಹೇಳಿದರು. ಜೊತೆಗೆ, ಅವರು ಗುರುತರವಾದ ಅವಿವೇಕವನ್ನು ಮಾಡಿದ್ದಾರೆಂದು ತಮ್ಮ ಅಭಿಪ್ರಾಯವನ್ನೂ ಸೇರಿಸಿದರು.

ಈ ತೀರ್ಪಿನ ಎರಡು ಭಾಗಗಳನ್ನೂ ನಾನು ಸಮಾನವಾಗಿ ಗೌರವಿಸುತ್ತೇನೆ. ನಿಮ್ಮ ಮಾತು ನಮಗೆ ನೋವು ತಂದಿದೆ, ಅದನ್ನು ನಿಮ್ಮ ಮುಖದ ಮುಂದೆಯೇ ಹೇಳುತ್ತೇವೆ; ಆದರೆ ಅದಕ್ಕಾಗಿ ನಿಮ್ಮನ್ನು ಸೆರೆಗೆ ಕಳುಹಿಸುವುದಿಲ್ಲ: ಆ ಹನ್ನೆರಡು ಜನರು ಹೇಳಿದುದರ ತಾತ್ಪರ್ಯ ಇಷ್ಟು. ಕೇವಲ ಬಿಡುಗಡೆಯಾಗಿದ್ದರೆ ಅದು ಒಂದು ಪಕ್ಷದ ಗೆಲವಾಗುತ್ತಿತ್ತು. ಶಿಕ್ಷೆಯಾಗಿದ್ದರೆ ಐರಿಷರಿಗೆ ಈ ನಾಡು ಇನ್ನೊಂದು ತಲೆಮಾರಿನವರೆಗೂ ಪರದೇಶವಾಗಿಯೇ ಉಳಿಯುತ್ತಿತ್ತು. ಮುಂದೆ ಲಿಸ್ಟನ್ನರು 1929ರಲ್ಲಿ ಆಕ್ಲೆಂಡಿನ ಬಿಷಪ್ಪರಾಗಿ, ನಾಲ್ವತ್ತು ವರ್ಷಗಳಿಗೂ ಮಿಗಿಲಾಗಿ ಈ ನಗರದ ಗಣ್ಯರಲ್ಲಿ ಒಬ್ಬರಾಗಿ ಬಾಳಿದರು. 1935ರಲ್ಲಿ ಐರಿಷ್ ದಂಪತಿಗಳ ಮಗನಾದ ಮೈಕೇಲ್ ಜೋಸೆಫ್ ಸ್ಯಾವೇಜ್ ಈ ನಾಡಿನ ಪ್ರಧಾನಿಯಾದರು. ಬಡವರ ಮನೆಗಳ ಗೋಡೆಗಳಲ್ಲಿ ಅವರ ಭಾವಚಿತ್ರ ತೂಗಿತು. ಇವೆಲ್ಲಕ್ಕೂ ಆ ತೀರ್ಪೊಂದೇ ಕಾರಣವೆಂದು ಹೇಳುವುದು ಅತ್ಯುಕ್ತಿ. ಅದು ದಾರಿಗೆ ಅಡ್ಡವಾಗಿ ಬೀಳಬಹುದಾಗಿದ್ದ ಬಂಡೆಯನ್ನು ಬೀಳಗೊಡಲಿಲ್ಲ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಆ ವರ್ಷಗಳ ಐರ್ಲೆಂಡಿನ ವಾರ್ತೆ ಭಾರತದಲ್ಲಿಯೂ ಕೆಲಸ ಮಾಡುತ್ತಿತ್ತೆಂಬುದನ್ನು ಪ್ರಸಂಗವಶಾತ್ ಹೇಳಬೇಕು. 1920ರ ಜೂನ್ ತಿಂಗಳಲ್ಲಿ ಜಲಂಧರದ ದಂಡಿನಲ್ಲಿದ್ದ ಕನಾಟ್ ರೇಂಜರ್ಸ್ ಎಂಬ ಐರಿಷ್ ಪಡೆಯವರು, ತಾಯ್ನಾಡಿನಲ್ಲಿ ಸೈನ್ಯವು ನಡೆಸುತ್ತಿದ್ದ ದೌರ್ಜನ್ಯಗಳ ಸುದ್ದಿ ತಮ್ಮ ಕಿವಿಗೆ ಬಿದ್ದ ಮೇಲೆ ಬಂದೂಕುಗಳನ್ನು ಕೆಳಗಿಟ್ಟು ನಿಂತರು. ಸೋಲನ್ನಿನ ಪಡೆಯನ್ನು ಮುನ್ನಡೆಸಿದ ಜೇಮ್ಸ್ ಡೇಲಿ ಎಂಬ ತರುಣನನ್ನು ನವೆಂಬರ್ 2ರಂದು ಗುಂಡಿಟ್ಟು ಕೊಂದರು. ಇದು ರಣಭೂಮಿಯ ಸಂಬಂಧ. ಕನ್ನಡಿಗರಾದ ನಮಗೆ ಇದಕ್ಕಿಂತಲೂ ಹತ್ತಿರವಾದ ಐರಿಷ್ ಋಣವೊಂದಿದೆ. ಇಂಗ್ಲಿಷಿನಲ್ಲಿ ಕವನಗಳನ್ನು ಬರೆದು ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಗ್ರಹವನ್ನೂ ಪ್ರಕಟಿಸಿದ್ದ ಪುಟ್ಟಪ್ಪನೆಂಬ ಮಲೆನಾಡಿನ ತರುಣನಿಗೆ, 1924ರಲ್ಲಿ ಮೈಸೂರಿನಲ್ಲಿ ದೊರೆತ ಐರಿಷ್ ಕವಿ ಜೇಮ್ಸ್ ಕಸಿನ್ಸರು, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದರು. ತನ್ನ ಜನರ ನುಡಿಯು ಪರಭಾಷೆಯ ಭಾರದಲ್ಲಿ ನಶಿಸುತ್ತ ಬಂದುದನ್ನು ಬಲ್ಲ ದೇಶದವರು ಆ ಮಾತನ್ನು ಹೇಳಿದರೆಂಬುದರಿಂದ ಅದಕ್ಕೆ ತೂಕ ಬಂದಿತು. ಕುವೆಂಪು ಎಂದು ಲೋಕವು ಆ ತರುಣರನ್ನು ಆಮೇಲೆ ಅರಿತುಕೊಂಡಿತು. 1948ರಲ್ಲಿ ಐರಿಷ್ ನಾಯಕ ಡಿ ವಲೇರಾ ಅವರು ಈ ನಾಡಿಗೂ ಬಂದು, ಮರಳುವ ದಾರಿಯಲ್ಲಿ ಹೊಸದಿಲ್ಲಿಯಲ್ಲಿ ಜವಾಹರಲಾಲರನ್ನೂ ಕಂಡುಹೋದರೆಂಬುದನ್ನು ಈ ಮೂರು ದೇಶಗಳ ಸಂಬಂಧದ ಕುರುಹಾಗಿ ಸೇರಿಸುತ್ತೇನೆ.

ಈಗ ನಾಲ್ಕನೆಯ ಭಾಗ. 1922ರ ಜೂನಿನಲ್ಲಿ ಐರ್ಲೆಂಡಿನಲ್ಲಿ ಅಂತರ್ಯುದ್ಧ ಆರಂಭವಾಯಿತು. ನಿನ್ನೆಯವರೆಗೆ ಜೊತೆಯಾಗಿ ಹೋರಾಡಿದವರು ಒಬ್ಬರನ್ನೊಬ್ಬರು ಕೊಂದರು. ಆ ಸುದ್ದಿಗೆ ಇಲ್ಲಿಯ ಹಬ್ಬದ ವೇದಿಕೆಗಳಲ್ಲಿ ಮಾತು ಹೊರಡಲಿಲ್ಲ. ಕ್ರಮಕ್ರಮವಾಗಿ ಭಾಷಣ ಹಿಂದೆ ಸರಿದು, ನೃತ್ಯ, ಆಟ, ಮೆರವಣಿಗೆ, ಮದ್ಯಶಾಲೆಯ ಸಂಭ್ರಮ ಇವು ಮುಂದೆ ಬಂದುವು. ಇಂದು ಮಾರ್ಚ್ 17ರ ಸಂಜೆ ಹಸಿರು ಟೋಪಿ ತೊಟ್ಟು ನಗುತ್ತ ಹೋಗುವವರಲ್ಲಿ ಐರಿಷರೂ ಇದ್ದಾರೆ, ಅಲ್ಲದವರೂ ಇದ್ದಾರೆ. ಅವರ ಸಂತೋಷದಲ್ಲಿ ನನಗೆ ಅಸಮ್ಮತಿಯಿಲ್ಲ. ಆದರೆ ಒಂದು ಕಾಲದಲ್ಲಿ ಆ ದಿನದ ಪ್ರಾಣವಾಗಿದ್ದುದು ತಾಯ್ನಾಡಿನ ವೃತ್ತಾಂತ. ಅದು ಹೊರಟುಹೋದ ಮೇಲೆ ಉಳಿದುದು ಅದರ ಉಡುಪು ಎಂದು ವ್ಯಥೆಯಿಂದ ಹೇಳಬೇಕಾಗಿದೆ.

ಲೋಕವಾರ್ತೆಯು ಆ ದಿನವನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ. 2011ರ ಭೂಕಂಪದಲ್ಲಿ 185 ಮಂದಿಯನ್ನು ಕಳೆದುಕೊಂಡ ಕ್ರೈಸ್ಟ್‌ಚರ್ಚ್ ನಗರವನ್ನು ಮತ್ತೆ ಕಟ್ಟಲು ಬಂದ ಕೆಲಸಗಾರರಲ್ಲಿ ಐರ್ಲೆಂಡಿನ ಹೊಸ ವಲಸಿಗರು ಅನೇಕರಿದ್ದರು. ಆ ನಗರದಲ್ಲಿ ಹಬ್ಬಕ್ಕೆ ಹೊಸ ಕಳೆ ಬಂದಿತು. ಅಲ್ಲಿಯೇ, 2019ರ ಮಾರ್ಚ್ 15ರ ಶುಕ್ರವಾರ, ಅಲ್ ನೂರ್ ಮತ್ತು ಲಿನ್‌ವುಡ್ ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬನು ಗುಂಡಿನ ಮಳೆಗರೆದು 51 ಮಂದಿಯ ಪ್ರಾಣ ತೆಗೆದನು. ಅವರಲ್ಲಿ ಭಾರತದಿಂದ ಬಂದವರೂ ಇದ್ದರು. ಸಂತನ ಹಬ್ಬವು ಎರಡೇ ದಿನಗಳ ಮುಂದಿತ್ತು. ಆ ಭಾನುವಾರ ಈ ನಾಡಿನ ಜನ ಮಸೀದಿಗಳ ಬಾಗಿಲುಗಳಿಗೆ ಹೂಗಳನ್ನು ಹೊತ್ತು ನಡೆದರು. ಐರ್ಲೆಂಡಿನ ದುಃಖವನ್ನು ಕೇಳಲು ಒಂದು ಶತಮಾನದ ಹಿಂದೆ ಅಷ್ಟು ಕಷ್ಟಪಟ್ಟ ನಾಡು, ಸೋಮಾಲಿಯ, ಅಫ್ಘಾನಿಸ್ಥಾನ, ಪಾಕಿಸ್ತಾನ, ಭಾರತಗಳಿಂದ ಬಂದವರ ಮನೆಗಳ ದುಃಖವನ್ನು ತನ್ನದೆಂದು ಆ ವಾರದಲ್ಲಿ ಹೇಳಿತು. ಕಿನ್ನರ್ಸ್ಲಿಯಂಥ ಅಧಿಕಾರಿಯೂ 1922ರ ಆ ಹನ್ನೆರಡು ಜ್ಯೂರಿಗಳೂ ಹಾಕಿಕೊಟ್ಟ ಪರಿಪಾಟಿಯಲ್ಲಿ ಇದನ್ನು ಎಣಿಸುವುದಕ್ಕೆ ನನಗೆ ಸಂಕೋಚವಿಲ್ಲ.

ಮರುವರ್ಷ ಮಹಾಮಾರಿಯ ಕಾಲ. 2020ರ ಮಾರ್ಚಿನಲ್ಲಿ ಡಬ್ಲಿನ್ನಿನ ಮೆರವಣಿಗೆ ನಿಂತಿತು, ಇಲ್ಲಿ ಹಬ್ಬದ ಹಿಂದಿನ ದಿನವೇ 500ಕ್ಕೆ ಮೀರಿದ ಜನರ ಸಭೆಗಳು ಕೂಡದೆಂದು ಸರಕಾರ ಹೇಳಿತು. 2024ರಲ್ಲಿ ಬೇರೊಂದು ಬಗೆಯ ಸಂಗತಿ ನಡೆಯಿತು. ಅಮೆರಿಕದ ಅಧ್ಯಕ್ಷರಿಗೆ ಈ ಹಬ್ಬದಂದು ಐರ್ಲೆಂಡಿನಿಂದ ಶ್ಯಾಮ್‌ರಾಕ್ ಸೊಪ್ಪಿನ ಗುಚ್ಛವನ್ನು ಅರ್ಪಿಸುವ ವಾಡಿಕೆ 1952ರಲ್ಲಿ ಮೊದಲಾದುದು. ಆ ವರ್ಷ ಅದನ್ನು ಅರ್ಪಿಸಲು ವಾಷಿಂಗ್ಟನ್ನಿಗೆ ಹೋದ ಪ್ರಧಾನಿ ಲಿಯೊ ವರಾಡ್ಕರ್, ಮುಂಬಯಿಯಿಂದ ಹೋದ ವೈದ್ಯರೊಬ್ಬರ ಮಗ. ಅವರ ಪೂರ್ವಿಕರ ಊರಾದ ವರಾಡ್ ನಮ್ಮ ಗಡಿಗೆ ಬಹಳ ದೂರವಲ್ಲದ ಸಿಂಧುದುರ್ಗ ಜಿಲ್ಲೆಯಲ್ಲಿದೆ. ಆತಿಥ್ಯದ ಆ ಸಭೆಯಲ್ಲಿಯೇ ಅವರು ಗಾಜಾದ ಜನರ ಮಾತನ್ನೆತ್ತಿ, ನೆಲ ಕಳೆದುಕೊಳ್ಳುವುದು, ಹಸಿವು, ಬಲಾತ್ಕಾರದ ವಲಸೆ ಇವೆಲ್ಲ ಐರಿಷರ ಚರಿತ್ರೆಯೂ ಹೌದಾದುದರಿಂದ ಆ ಕಣ್ಣುಗಳಲ್ಲಿ ತಮ್ಮನ್ನೇ ಕಾಣುತ್ತೇವೆಂಬ ಅರ್ಥದ ಮಾತನ್ನು ಹೇಳಿದರು. ಆತಿಥೇಯರ ನೀತಿಗೆ ಅದು ಹೊಂದುವ ಮಾತಾಗಿರಲಿಲ್ಲ. ಗಾಜಾದ ವಿಷಯದಲ್ಲಿ ಈ ಸಭೆಯಲ್ಲಿರುವವರಿಗೆ ಬೇರೆಬೇರೆ ಅಭಿಪ್ರಾಯಗಳು ಇರಬಹುದು. ಹಬ್ಬದ ವೇದಿಕೆಯನ್ನು ಅವರು ಬಳಸಿದ ರೀತಿ ಮಾತ್ರ ಕೊರೋಟಿಕಸನ ಸೈನಿಕರಿಗೆ ಪತ್ರ ಬರೆದ ಸಂತನ ಸಂಪ್ರದಾಯಕ್ಕೆ ಸೇರಿದುದು.

ಮುಗಿಸುವ ಮುನ್ನ ನಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ರಾಜ್ಯೋತ್ಸವಗಳಲ್ಲಿ ಮಕ್ಕಳ ನೃತ್ಯವಿದೆ, ಹಾಡಿದೆ, ಒಳ್ಳೆಯ ಊಟವಿದೆ. ಆದರೆ ಹೋಳಿಗೆ ಬಡಿಸುವ ಹೊತ್ತಿಗೆ ಕೊಡಗಿನ ನೆರೆಯ ಸುದ್ದಿಯನ್ನೋ, ಬಯಲುಸೀಮೆಯ ಬರದ ಸುದ್ದಿಯನ್ನೋ, ಕನ್ನಡ ಶಾಲೆಗಳ ಅವಸ್ಥೆಯನ್ನೋ ಎತ್ತಿದರೆ ಅದು ಅಪ್ರಸ್ತುತವೆಂಬ ಭಾವನೆ ನಮ್ಮಲ್ಲಿ ಬೆಳೆದಿದೆ. ಪ್ರತಿಯೊಬ್ಬರೂ ಕೈಯಲ್ಲಿ ಹಿಡಿದ ಯಂತ್ರದಲ್ಲಿ ಒಬ್ಬೊಬ್ಬರಾಗಿ ಓದಿ, ಒಬ್ಬೊಬ್ಬರಾಗಿಯೇ ಕೋಪಿಸಿಕೊಳ್ಳುತ್ತೇವೆ. ಸಭೆಯಾಗಿ ಕುಳಿತು ಕೇಳುವುದಿಲ್ಲ. ಆದಕಾರಣ ಈ ದತ್ತಿಯ ಸಂಚಾಲಕರಲ್ಲಿ ನನ್ನದೊಂದು ಬಿನ್ನಹವಿದೆ. ಮುಂಬರುವ ನವೆಂಬರಿನಿಂದ ಮೊದಲ್ಗೊಂಡು, ರಾಜ್ಯೋತ್ಸವದ ದಿನ ಒಂದು ಗಂಟೆಯ ಕಾಲವನ್ನು ವರ್ಷದ ವೃತ್ತಾಂತಕ್ಕೆಂದು ಮೀಸಲಿಡಬೇಕು. ಅದನ್ನು ಹೇಳುವವರು ಮೂರು ತಿಂಗಳ ಮೊದಲೇ ನೇಮಕವಾಗಿ, ವಿಷಯವನ್ನು ಪರಿಶೀಲಿಸಿ, ಬರೆದು ತರಬೇಕು. ಕರ್ನಾಟಕದ ಸಂಗತಿಯೊಡನೆ ಈ ನಾಡಿನ ಸಂಗತಿಯನ್ನೂ, ವಿಶೇಷವಾಗಿ ವೈಟಾಂಗಿಯ ಒಪ್ಪಂದದ ಸುತ್ತ ನಡೆಯುತ್ತಿರುವ ಚರ್ಚೆಯನ್ನೂ, ಅದರಲ್ಲಿ ಸೇರಿಸಬೇಕು. ಕೇಳಿದವರಿಗೆ ಎದ್ದುನಿಂತು ವಿರೋಧಿಸುವ ಅವಕಾಶವಿರಬೇಕು. ಮೊದಲನೆಯ ವರ್ಷಕ್ಕೆ ನಮ್ಮಲ್ಲಿಯ ತರುಣರೊಬ್ಬರನ್ನು, ಇಲ್ಲಿಯೇ ಹುಟ್ಟಿ ಬೆಳೆದವರನ್ನು, ನೇಮಿಸಬೇಕೆಂಬುದು ನನ್ನ ಅಪೇಕ್ಷೆ. ಅವರಿಗೆ ಬೇಕಾದ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಒದಗಿಸುವ ಹೊಣೆಯನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.